ಎಂಟು ಸೆಕೆಂಡಿನ ಆಕಾಶ

ಉತ್ತರದ ಹಿಮಪ್ರದೇಶಗಳಲ್ಲಿ ಚಳಿಗಾಲದ ರಾತ್ರಿ ಆಕಾಶದಲ್ಲಿ ತೋರುವ ಬೆಳಕಿಗೆ ನಮ್ಮವರು ಧ್ರುವಪ್ರಭೆಯೆಂದು ಹೆಸರಿಟ್ಟಿದ್ದಾರೆ. ಒಳ್ಳೆಯ ಹೆಸರು, ಪ್ರಭೆಯೆಂಬ ಮಾತಿಗೆ ಬಣ್ಣದ ಹಂಗಿಲ್ಲ. ಆದರೆ ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ, ಪ್ರವಾಸ ಕಂಪನಿಗಳ ಜಾಹೀರಾತುಗಳಲ್ಲಿ, ನೆಂಟರಿಷ್ಟರ ಮೊಬೈಲುಗಳಲ್ಲಿ ಈಗ ನಮಗೆ ಸಿಗುತ್ತಿರುವುದು ಬಣ್ಣದಂಗಡಿ. ಗಿಳಿಹಸಿರು, ನೇರಳೆ, ಕುಂಕುಮಗೆಂಪು, ಎಲ್ಲವೂ ಗಾಢ. ಈ ಚಿತ್ರಗಳು ಸುಂದರವಾಗಿಲ್ಲವೆಂದು ನಾನು ಹೇಳಲಾರೆ. ಅವು ಸಾಕ್ಷಿಯ ಕಟಕಟೆಯಲ್ಲಿ ನಿಂತು ಅರ್ಧ ಸಾಕ್ಷ್ಯವನ್ನಷ್ಟೇ ನುಡಿಯುತ್ತಿವೆ ಎಂಬುದು ನನ್ನ ತಕರಾರು.

ಸಂಗತಿ ಹೀಗಿದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನಲ್ಲಿ ಕೆಲಸಮಾಡುವ ಕೋಶಗಳಿಗೆ ಬಣ್ಣದ ಅರಿವಿಲ್ಲ. ಆದುದರಿಂದ ಸಾಧಾರಣವಾದ ಧ್ರುವಪ್ರಭೆ ಬರಿಗಣ್ಣಿಗೆ ಬೂದುಬಿಳುಪಿನ ಪಟ್ಟಿಯಂತೆ, ಹೆಚ್ಚೆಂದರೆ ಹಸಿರಿನ ಛಾಯೆಯಿರುವ ಮೋಡದಂತೆ ಕಾಣುತ್ತದೆ. ಕ್ಯಾಮೆರಾ ಹಾಗಲ್ಲ. ಅದರ ಕಣ್ಣನ್ನು ಐದು, ಎಂಟು, ಹದಿನೈದು ಸೆಕೆಂಡು ತೆರೆದೇ ಇಡಬಹುದು. ಅಷ್ಟು ಹೊತ್ತು ಸುರಿದ ಬೆಳಕನ್ನೆಲ್ಲ ಅದು ಒಂದೇ ಪಾತ್ರೆಯಲ್ಲಿ ಕೂಡಿಸಿಡುತ್ತದೆ. ಈಗಿನ ಮೊಬೈಲುಗಳೂ ರಾತ್ರಿಯಲ್ಲಿ ಇದೇ ಕೆಲಸ ಮಾಡುತ್ತವೆ, ತೆಗೆಯುವವನಿಗೆ ಗೊತ್ತಿರಲಿ, ಬಿಡಲಿ.

ನಾರ್ವೆಯ ಟ್ರೊಮ್ಸೊ ಪಟ್ಟಣದ ಹೊರಗೆ ಒಂದು ರಾತ್ರಿ ಸುಮಾರು ಮೂವತ್ತು ಜನ ಪ್ರವಾಸಿಗಳ ನಡುವೆ ನಾನೂ ನಿಂತಿದ್ದೆ. ಉತ್ತರಕ್ಕೆ ತೆಳ್ಳನೆಯ ಒಂದು ಕಮಾನು ಮೂಡಿತು. ಪಕ್ಕದಲ್ಲಿದ್ದ ಬೆಂಗಳೂರಿನ ಗೃಹಿಣಿಯೊಬ್ಬರು ತಲೆಯೆತ್ತಿ ನೋಡಿದರು, ಮೊಬೈಲು ಎತ್ತಿ ಹಿಡಿದರು, ಬಳಿಕ ಯಜಮಾನರನ್ನು ಕರೆದು, "ರೀ, ಮೇಲೆ ಏನೂ ಇಲ್ಲ, ಇಲ್ಲಿ ನೋಡಿ, ಇದರಲ್ಲಿ ಬಂದಿದೆ" ಎಂದರು. ನಕ್ಕುಬಿಡುವ ಮಾತಲ್ಲ ಇದು. ಲಕ್ಷಗಟ್ಟಲೆ ಹಣ ಸುರಿದು, ಮೂರು ಪದರ ಉಣ್ಣೆ ಹೊದ್ದು ಅಷ್ಟು ದೂರ ಹೋದವರಿಗೆ ಆಕಾಶವೇ ನಕಲಾಗಿ, ಅಂಗೈಯಗಲದ ಗಾಜು ಅಸಲಾಗಿ ತೋರಿತು. ಅವರ ತಪ್ಪೇನೂ ಇಲ್ಲ. ಊರಿನಲ್ಲಿ ಯಾವ ಚಿತ್ರ ತೋರಿಸಿ ಅವರನ್ನು ಹೊರಡಿಸಿದ್ದರೋ ಅದನ್ನೇ ಅವರು ಹುಡುಕುತ್ತಿದ್ದರು.

ನಡುರಾತ್ರಿಯ ಹೊತ್ತಿಗೆ ಪ್ರಭೆ ಬಲಿಯಿತು. ಆಗ ಬರಿಗಣ್ಣಿಗೂ ಹಸಿರು ಕಂಡಿತು, ಕೆಳ ಅಂಚಿನಲ್ಲಿ ಗುಲಾಬಿಯ ಒಂದು ಎಳೆ ಓಡಾಡಿತು. ಗಾಳಿಯಿಲ್ಲದ ರಾತ್ರಿಯಲ್ಲಿ ಗಾಳಿಗೆ ಸಿಕ್ಕಿದ ಪರದೆಯಂತೆ ನೆರಿಗೆಗಳು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಹರಿದವು. ರೆಪ್ಪೆ ಬಡಿಯುವಷ್ಟರಲ್ಲಿ ಒಂದು ಕಡೆ ಆರಿ ಮತ್ತೊಂದು ಕಡೆ ಹೊತ್ತಿದವು. ಆ ಹತ್ತು ನಿಮಿಷದಲ್ಲಿ ಸುತ್ತಲಿನವರು ತೆಗೆದ ಚಿತ್ರಗಳನ್ನು ಆಮೇಲೆ ಬಸ್ಸಿನಲ್ಲಿ ನೋಡಿದೆ. ಕಲಸಿದ ಹಸಿರು ಹಿಟ್ಟು. ಎಂಟು ಸೆಕೆಂಡಿನ ಕುಣಿತವನ್ನು ಒಂದರ ಮೇಲೊಂದು ಒತ್ತಿದರೆ ಇನ್ನೇನಾದೀತು? ಮಂದವಾಗಿದ್ದಾಗ ಇಲ್ಲದ ವೈಭವವನ್ನು ಕೊಟ್ಟ ಯಂತ್ರ, ನಿಜವಾದ ವೈಭವ ಬಂದಾಗ ಅದರ ಚಲನೆಯನ್ನೇ ಕಸಿದುಕೊಂಡಿತ್ತು.

ಕ್ಯಾಮೆರಾ ಪ್ರಿಯರು ಇಲ್ಲಿ ಎದ್ದು ನಿಲ್ಲುತ್ತಾರೆ. ಬಣ್ಣ ಕಟ್ಟುಕಥೆಯಲ್ಲ, 100 ಕಿಲೋಮೀಟರಿಗೂ ಮೇಲೆ ಆಮ್ಲಜನಕದ ಪರಮಾಣುಗಳು ಹಸಿರನ್ನು, ಇನ್ನೂ ಎತ್ತರದಲ್ಲಿ ಕೆಂಪನ್ನು ಚೆಲ್ಲುವುದು ಸತ್ಯ, ಕಣ್ಣಿನ ದೌರ್ಬಲ್ಯಕ್ಕೆ ಯಂತ್ರವನ್ನು ದೂರುವುದೇಕೆ ಎನ್ನುತ್ತಾರೆ. ಒಪ್ಪಿದೆ. ಆದರೆ ಇದ್ದದ್ದು ಬೇರೆ, ಕಂಡದ್ದು ಬೇರೆ. ಇದ್ದದ್ದನ್ನು ತೋರಿಸಿ "ನಾನು ಕಂಡದ್ದು" ಎಂದು ಅಡಿಬರಹ ಕೊಡುವುದರಲ್ಲಿದೆ ಮೋಸ. ಇನ್ನು ಕೆಲವರು ಕನ್ನಡ ಮೇಷ್ಟರಾದ ನನ್ನನ್ನೇ ಹಿಡಿಯುತ್ತಾರೆ: ನಿಮ್ಮ ಕವಿಗಳು ಅತಿಶಯೋಕ್ತಿ ಮಾಡಲಿಲ್ಲವೇ? ಮಾಡಿದರು ಸ್ವಾಮಿ, ಹಾಡುಹಗಲೇ ಮಾಡಿದರು. ಅತಿಶಯೋಕ್ತಿ ಅಲಂಕಾರವೆಂದು ತಾನೇ ಹೇಳಿಕೊಂಡು ಬರುತ್ತದೆ. ಅರಮನೆಯ ಗೋಪುರ ಚಂದ್ರನನ್ನು ತಾಗಿತೆಂದರೆ ಯಾರೂ ಏಣಿ ತೆಗೆದುಕೊಂಡು ಹೊರಡುವುದಿಲ್ಲ. ಛಾಯಾಚಿತ್ರವನ್ನು ನಂಬಿದವರು ವಿಮಾನದ ಟಿಕೆಟು ಕೊಳ್ಳುತ್ತಾರೆ.

ಹಿಂದಿನವರಿಗೆ ಈ ವಿವೇಕ ಇತ್ತು. ಜರ್ಮನಿಯ ಮಾರ್ಟಿನ್ ಬ್ರೆಂಡೆಲ್ 1892ರಲ್ಲಿ ಉತ್ತರ ನಾರ್ವೆಯ ಬೊಸ್ಸೆಕೊಪ್‌ನಲ್ಲಿ ಧ್ರುವಪ್ರಭೆಯ ಮೊದಲ ಛಾಯಾಚಿತ್ರಗಳನ್ನು ತೆಗೆದ. ಕಪ್ಪುಬಿಳುಪಿನ ಮಸುಕು ಚಿತ್ರಗಳು ಅವು. ಏಳು ವರ್ಷದ ಮೇಲೂ, 1899ರಲ್ಲಿ, ಡೆನ್ಮಾರ್ಕಿನ ಹವಾಮಾನ ಸಂಸ್ಥೆಯ ತಂಡ ಐಸ್‌ಲ್ಯಾಂಡಿಗೆ ಹೊರಟಾಗ ಜೊತೆಯಲ್ಲಿ ಹೆರಾಲ್ಡ್ ಮೊಲ್ಟ್ಕೆ ಎಂಬ ಚಿತ್ರಗಾರನನ್ನು ಕರೆದೊಯ್ದಿತು. ವಿಜ್ಞಾನಿಗಳ ತಂಡಕ್ಕೆ ಚಿತ್ರಗಾರನೇಕೆ? ಮನುಷ್ಯನ ಕಣ್ಣಿಗೆ ಕಂಡ ಬಣ್ಣವನ್ನು ಬರೆದಿಡಲು ಆಗ ಮನುಷ್ಯನೇ ಬೇಕಾಗಿತ್ತು. ಆತನ ವರ್ಣಚಿತ್ರಗಳು ಈಗಲೂ ಉಳಿದಿವೆ. ಮುಂದೆ ಕಾರ್ಲ್ ಸ್ಟೋರ್ಮರ್ ದೂರದೂರದ ಎರಡು ಠಾಣೆಗಳನ್ನು ಟೆಲಿಫೋನಿನಿಂದ ಜೋಡಿಸಿ, ಒಂದೇ ಕ್ಷಣದಲ್ಲಿ ಎರಡೂ ಕಡೆ ಚಿತ್ರ ತೆಗೆಸಿ, ಹಿನ್ನೆಲೆಯ ನಕ್ಷತ್ರಗಳ ನೆರವಿನಿಂದ ಪ್ರಭೆಯ ಎತ್ತರವನ್ನು ಅಳೆದ. ಅಲ್ಲಿ ಕ್ಯಾಮೆರಾ ಅಳತೆಗೋಲು. ಅಂದಗಾತಿಯ ವೇಷ ಅದಕ್ಕೆ ಬೇಕಿರಲಿಲ್ಲ.

ಹತ್ತಿರದ ನಿದರ್ಶನವೂ ಇದೆ. 2024ರ ಮೇ 10-11ರ ರಾತ್ರಿ ಭಾರಿ ಸೌರ ಬಿರುಗಾಳಿ ಭೂಮಿಗೆ ಬಡಿದಾಗ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ವೀಕ್ಷಣಾಲಯದ ಕ್ಯಾಮೆರಾ ದಿಗಂತದ ಮೇಲೆ ಕೆಂಪು ಹೊಳಪನ್ನು ಹಿಡಿಯಿತು. ಅಷ್ಟು ದಕ್ಷಿಣದಲ್ಲಿ ಅದು ಅಪರೂಪ. ಯಂತ್ರ ಹಿಡಿದದ್ದನ್ನು ಯಂತ್ರ ಹಿಡಿದದ್ದೆಂದೇ ಹೇಳಿದರೆ ನನ್ನ ಜಗಳ ಮುಗಿಯುತ್ತದೆ.

ಹಿಮದಲ್ಲಿ ದುಡಿಯುವ ಛಾಯಾಗ್ರಾಹಕರನ್ನು ಹಂಗಿಸುವ ಉದ್ದೇಶ ನನಗಿಲ್ಲ. ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಶಾಖದಿಂದ ಕಾಪಾಡುವುದು, ಉಸಿರು ತಾಕಿದರೆ ಮಸೂರದ ಮೇಲೆ ಮಂಜು ಕಟ್ಟೀತೆಂದು ಮುಖ ತಿರುಗಿಸುವುದು, ಕೋಣೆಗೆ ಮರಳುವಾಗ ಕ್ಯಾಮೆರಾವನ್ನು ಚೀಲದಲ್ಲಿ ಬಿಗಿದು ಮೆಲ್ಲಗೆ ಬೆಚ್ಚಗಾಗಲು ಬಿಡುವುದು, ಇವೆಲ್ಲ ತಪಸ್ಸೇ. ಅಷ್ಟು ಪಟ್ಟ ಪಾಡಿನ ಲೆಕ್ಕ ಮುಚ್ಚಿಡುವುದೇಕೆ? ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಹಸಿರನ್ನು ಇನ್ನಷ್ಟು ಹಿಂಡುವುದೇಕೆ? ನಾನು ಕೇಳುವುದು ಒಂದೇ ಸಾಲು: ಷಟರು ಇಷ್ಟು ಸೆಕೆಂಡು ತೆರೆದಿತ್ತು, ಬರಿಗಣ್ಣಿಗೆ ಹೀಗೆ ಕಂಡಿತ್ತು. ಸಂಪಾದಕರು ಜಾಗವಿಲ್ಲವೆನ್ನಬಹುದು. ಅದೇ ಪುಟದ ಕೆಳಗೆ ಪ್ರವಾಸ ಕಂಪನಿಯ ಜಾಹೀರಾತಿನಲ್ಲಿ "ಷರತ್ತುಗಳು ಅನ್ವಯಿಸುತ್ತವೆ" ಎಂಬ ಇರುವೆಯಂಥ ಅಕ್ಷರಗಳಿಗೆ ಪ್ರತಿ ವಾರವೂ ಜಾಗ ಸಿಗುತ್ತಿದೆ.