ಗಟ್ಟಿ ಮಕ್ಕಳು ಅಂತ ಹೊಗಳಬೇಡಿ, ಕಾಗದ ಕೊಡಿ



ಕದ್ರಿ ಗುಡ್ಡೆಯ ಕೆಳಗೆ ಒಂದು ಬಾಡಿಗೆ ಕೋಣೆಯಲ್ಲಿ ಪ್ರತಿ ಭಾನುವಾರ ಸಂಜೆ ನಾವು ಏಳೆಂಟು ಮಂದಿ ಸೇರುತ್ತೇವೆ. ಎದುರಿಗೆ ದೊಡ್ಡ ಕಟ್ಟಡವೊಂದು ಏಳುತ್ತಾ ಉಂಟು. ಅದರ ಬುಡದಲ್ಲಿ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಬಾಗಲಕೋಟೆ, ರಾಯಚೂರಿನಿಂದ ಬಂದವರು, ಒಡಿಶಾದಿಂದ ಬಂದವರು. ಅವರ ಮಕ್ಕಳು ಶಾಲೆಯ ಹೊತ್ತಿನಲ್ಲೂ ಮರಳಿನ ರಾಶಿಯ ಮೇಲೆ ಇರುತ್ತವೆ. ಮೊನ್ನೆ ಅಲ್ಲಿಗೆ ಬಿಸ್ಕತ್ತು ಹಂಚಲು ಬಂದ ಸಜ್ಜನರೊಬ್ಬರು ನಮ್ಮ ಕಡೆ ತಿರುಗಿ ಹೇಳಿದರು: "ಎಂಥಾ ಗಟ್ಟಿ ಮಕ್ಕಳು ಮಾರಾಯ್ರೆ! ಎಲ್ಲಿ ಬಿಟ್ಟರೂ ಬದುಕ್ತವೆ."

ನಮಗೆ ಮೈ ಉರಿಯಿತು. ಯಾಕೆಂದರೆ ಈ ಹೊಗಳಿಕೆ ಕೇಳಿಕೊಂಡೇ ನಾವೂ ಬೆಳೆದವರು. ನಮ್ಮಲ್ಲಿ ಅರ್ಧ ಜನ ಇದೇ ಜಿಲ್ಲೆಯ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟದ ಕಾಲನಿಗಳಿಂದ ಬಂದವರು. 'ಸಿಲೋನಿನವರು' ಅಂತ ಊರು ಕರೆಯುವುದು ನಮ್ಮನ್ನೇ. ನಮ್ಮ ಕತೆ ಮೊದಲು ಹೇಳುತ್ತೇವೆ. ಶೆಡ್ಡಿನ ಮಕ್ಕಳ ಕತೆ ಆಮೇಲೆ ತಾನಾಗಿ ತಿಳಿದೀತು.

ಬ್ರಿಟಿಷರು ತಮಿಳು ಸೀಮೆಯಿಂದ ಕೂಲಿಗಳನ್ನು ಹಡಗು ಹತ್ತಿಸಿ ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಸಾಗಿಸಿದರು. ಅವರಲ್ಲಿ ಬಹುಪಾಲು ನಮ್ಮವರು, ದಲಿತರು. 1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷದ ಪೌರತ್ವ ಕಾಯಿದೆ ಈ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ರುಜು ಹಾಕಿದರು. 9,75,000 ಜನರಲ್ಲಿ 5,25,000 ಮಂದಿ ಇಂಡಿಯಾಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಸಂತೆಯಲ್ಲಿ ದನ ಹಂಚಿಕೊಂಡ ಹಾಗೆ. ತೋಟದ ಲೈನು ಮನೆಗಳಲ್ಲಿದ್ದವರನ್ನು ಯಾರೂ ಕೇಳಲಿಲ್ಲ.

ಆ ಒಪ್ಪಂದದಲ್ಲಿ ಮಕ್ಕಳ ಬಗ್ಗೆ ಒಂದು ಮಾತು ಉಂಟು. ಈ ಸಂಖ್ಯೆಗಳ ಜೊತೆಗೆ ಅವುಗಳ 'ಸಹಜ ಏರಿಕೆ' ಅಂತ. ಅಂದರೆ ಕಾಗದಕ್ಕೆ ರುಜು ಬಿದ್ದು ಜನ ಹಡಗು ಹತ್ತುವುದರೊಳಗೆ ಹುಟ್ಟುವ ಕೂಸುಗಳು. ಈ ಸಹಜ ಏರಿಕೆ ಯಾವ ಭಾಷೆಯಲ್ಲಿ ಓದಬೇಕು, ಯಾವ ಶಾಲೆಗೆ ಹೋಗಬೇಕು ಅಂತ ಕೇಳುವವರು ಯಾರು?

ತಲೈಮನ್ನಾರಿನಿಂದ ರಾಮೇಶ್ವರ, ಅಲ್ಲಿಂದ ಮಂಡಪಂ ಕ್ಯಾಂಪು. ಕೆಲವು ಕುಟುಂಬಗಳನ್ನು ಕರ್ನಾಟಕಕ್ಕೆ ಕಳಿಸಿದರು, ಸುಳ್ಯ ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೆ. ಇವತ್ತು ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಚಹಾ ಚಿಗುರು ಕೀಳುತ್ತಿದ್ದ ಕೈಗಳು ರಬ್ಬರ್ ಹಾಲು ಇಳಿಸಲು ಕಲಿತವು. ತಮಿಳಿನಲ್ಲಿ ಮೂರನೇ ಕ್ಲಾಸು ಓದಿದ್ದ ನಮ್ಮ ಅಮ್ಮಂದಿರು ಇಲ್ಲಿ ಕನ್ನಡದ ಅ ಆ ಇ ಈ ಮುಂದೆ ಮತ್ತೆ ಕೂತರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ರಬ್ಬರ್ ಟ್ಯಾಪಿಂಗಿಗೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಅಪ್ಪ ಅಮ್ಮ ಹೊರಟ ಮೇಲೆ ತಮ್ಮ ತಂಗಿಯರಿಗೆ ಗಂಜಿ ಕುಡಿಸುವುದು ದೊಡ್ಡ ಹುಡುಗಿಯ ಪಾಲು. ಅವಳು ಶಾಲೆ ಬಿಟ್ಟದ್ದು ದಡ್ಡಿಯಾಗಿ ಅಲ್ಲ.

ಇಷ್ಟಾದರೂ ಕೆಲವರು ಎಸ್ಸೆಸ್ಸೆಲ್ಸಿ ಮುಟ್ಟಿದರು. ಮುಂದೆ ಓದಲು ಹಾಸ್ಟೆಲ್ಲು ಬೇಕು, ಸ್ಕಾಲರ್‌ಶಿಪ್ಪು ಬೇಕು. ಅದಕ್ಕೆ ಜಾತಿ ಸರ್ಟಿಫಿಕೇಟು ಬೇಕು. ನಮ್ಮಲ್ಲೊಬ್ಬ ಅಪ್ಪನನ್ನು ಕರೆದುಕೊಂಡು ಒಂದು ಕಚೇರಿಗೆ ಹೋದ. "1950ರಲ್ಲಿ ನಿಮ್ಮ ತಾತ ಎಲ್ಲಿದ್ದರು?" ಅಂತ ಕೇಳಿದರು. "ಸಿಲೋನಿನಲ್ಲಿ" ಅಂದ. "ಹಾಗಾದರೆ ನೀನು ಇಲ್ಲಿಯ ಪರಿಶಿಷ್ಟ ಜಾತಿ ಹೇಗಾಗ್ತೀ?" ಅಂದರು. ಅವನು ಎರಡು ವರ್ಷ ಅಲೆದ. ಓದುವ ಎರಡು ವರ್ಷ.

ಈ ಪ್ರಶ್ನೆ ಒಬ್ಬ ಗುಮಾಸ್ತನ ತಲೆಯಲ್ಲಿ ಹುಟ್ಟಿದ್ದಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಅದರ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು. ರಾಜ್ಯ ದಾಟಿದವನ ಪರಿಶಿಷ್ಟ ಸ್ಥಾನ ಅವನ ಜೊತೆ ದಾಟುವುದಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಚಿಕ್ಕಂದಿನಲ್ಲೇ ಅಪ್ಪನ ಜೊತೆ ಮುಂಬೈಗೆ ಬಂದಿದ್ದ ಆಂಧ್ರದ ಹುಡುಗನೊಬ್ಬನ ಮೆಡಿಕಲ್ ಸೀಟಿನ ಕೇಸು ಅದು. ಎರಡೂ ರಾಜ್ಯಗಳ ಪಟ್ಟಿಯಲ್ಲಿ ಜಾತಿಯ ಹೆಸರು ಒಂದೇ ಇದ್ದರೂ ಸಾಲದು ಅಂತ 1994ರಲ್ಲಿ ಹೇಳಿತು. 2018ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಆದಿದ್ರಾವಿಡ ಅನ್ನುವ ಹೆಸರು ತಮಿಳುನಾಡಿನ ಪಟ್ಟಿಯಲ್ಲೂ ಉಂಟು, ಕರ್ನಾಟಕದ ಪಟ್ಟಿಯಲ್ಲೂ ಉಂಟು. ನಡುವೆ ಸಿಕ್ಕಿಬಿದ್ದವರು ನಾವು.

ಈಗ ನೋಡಿ ತಮಾಷೆ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟವರು ಸರ್ಟಿಫಿಕೇಟು ಕೇಳಲಿಲ್ಲ. ಬಾವಿಯ ಹತ್ತಿರ ಬರಬೇಡಿ ಅಂದವರು 1950ರ ದಾಖಲೆ ಕೇಳಲಿಲ್ಲ. ಅಸ್ಪೃಶ್ಯತೆ ಸಮುದ್ರ ದಾಟಿ ಹೋಯಿತು, ಸಮುದ್ರ ದಾಟಿ ವಾಪಸು ಬಂತು. ಹಕ್ಕು ಮಾತ್ರ ಗಡಿಯಲ್ಲಿ ನಿಂತುಬಿಟ್ಟಿತು.

ನಮ್ಮವರಲ್ಲೇ ಕೆಲವರು ಹೇಳುವುದುಂಟು: "ಹೊರಗಿನವರಿಗೂ ಕೊಟ್ಟರೆ ಇಲ್ಲಿಯ ದಲಿತರ ಪಾಲು ಕಮ್ಮಿ ಆಗ್ತದೆ." ಈ ಭಯ ಸುಳ್ಳಲ್ಲ. ಕೋರ್ಟು ಹೇಳಿದ್ದರಲ್ಲೂ ಈ ಕಾಳಜಿ ಇದೆ. ಆದರೆ ನೌಕರಿಯ ಪಾಲು ಬೇರೆ, ಮಗುವಿನ ಓದು ಬೇರೆ. ಒಡಿಶಾದ ದಲಿತನ ಮಗಳಿಗೆ ಕದ್ರಿಯಲ್ಲಿ ಪುಸ್ತಕ, ಊಟ, ಹಾಸ್ಟೆಲ್ಲಿನ ಚಾಪೆ ಕೊಟ್ಟರೆ ಕೊರಗರ ಮಗುವಿನ ಚಾಪೆ ಯಾಕೆ ಹೋಗಬೇಕು? ಚಾಪೆ ಕಮ್ಮಿ ಇದ್ದರೆ ಇನ್ನಷ್ಟು ಚಾಪೆ ಕೇಳೋಣ. ಇರುವ ಒಂದು ಚಾಪೆಗೆ ನಾವು ನಾವೇ ಕಿತ್ತಾಡುವುದು ಬೇಡ.

ಇದೇ ಮಂಗಳೂರಿನಲ್ಲಿ 1892ರಲ್ಲಿ ಕುದ್ಮುಲ್ ರಂಗರಾಯರು ನಮ್ಮವರ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಆಗ ಯಾವ ರಾಜ್ಯದ ಪಟ್ಟಿಯೂ ಇರಲಿಲ್ಲ. ಹೊರಗೆ ನಿಲ್ಲಿಸಿದ ಮಗುವನ್ನು ಒಳಗೆ ಕರೆಯುವುದಷ್ಟೇ ಕೆಲಸವಾಗಿತ್ತು.

ಇವತ್ತು ಕಾನೂನೂ ಉಂಟು. 2009ರ ಕಡ್ಡಾಯ ಶಿಕ್ಷಣ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಅಂತ, ಜೂನ್ ದಾಟಿತು ಅಂತ, ಟಿ.ಸಿ. ಬಂದಿಲ್ಲ ಅಂತ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಯಿಂದ ತಿರುಗಿ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿನಲ್ಲಿ ಕೂರಿಸಬೇಕು. ಹಿಂದೆ ಬಿದ್ದಿದ್ದರೆ ಬೇರೆಯಾಗಿ ಪಾಠ ಹೇಳಿಕೊಡಬೇಕು. ಶೆಡ್ಡಿನಲ್ಲಿ ನಾವು ಮಾತಾಡಿಸಿದ ಒಬ್ಬ ತಾಯಿಗೂ ಇದು ಗೊತ್ತಿರಲಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಒಂದು, ಸಿಲೋನಿನಿಂದ ಸರ್ಕಾರವೇ ಕರೆತಂದವರ ಮಕ್ಕಳನ್ನು 1950ರ ದಾಖಲೆ ಕೇಳಿ ಅಲೆಸಬಾರದು. ಎರಡು, ರಾಜ್ಯ ದಾಟಿ ಬಂದ ದಲಿತ ಮಗುವಿಗೆ ಕಡೇ ಪಕ್ಷ ಓದಿನ ನೆರವು ಇರುವಲ್ಲೇ ಸಿಗಬೇಕು, ಅದರ ಖರ್ಚು ಕೇಂದ್ರ ಸರ್ಕಾರ ಹೊರಬೇಕು. ಮೂರು, ಕಟ್ಟಡ ಏಳುವ ಜಾಗಕ್ಕೆ ಶಾಲೆಯವರೇ ಬಂದು ಮಕ್ಕಳ ಹೆಸರು ಬರೆದುಕೊಳ್ಳಬೇಕು.

ಮೂರನೆಯದಕ್ಕೆ ನಾವು ಸರ್ಕಾರವನ್ನು ಕಾಯುವುದಿಲ್ಲ. ಬರುವ ಸೋಮವಾರ ಬೆಳಿಗ್ಗೆ ಶೆಡ್ಡಿನ ಮಕ್ಕಳ ಕೈ ಹಿಡಿದು ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತೇವೆ. ಕಾಯಿದೆಯ ಪ್ರತಿ ಜೇಬಿನಲ್ಲಿರುತ್ತದೆ. ಬರುವವರು ಬನ್ನಿ. ಬಿಸ್ಕತ್ತು ತರಬೇಡಿ, ಸ್ಲೇಟು ತನ್ನಿ.

ಜೈ ಭೀಮ್.