ಅಂಗಡಿ ಮುಂದಿನ ಜಾಗ ಯಾರದು?

ಚೆನ್ನೈನ ಟಿ. ನಗರದಲ್ಲಿ ನನಗೆ ಪರಿಚಯದ ಒಬ್ಬ ಬಟ್ಟೆ ವ್ಯಾಪಾರಿ ಇದ್ದಾರೆ. ತಂದೆಯ ಕಾಲದ ಅಂಗಡಿ. ಪಾಂಡಿ ಬಜಾರಿನ ತ್ಯಾಗರಾಯ ರಸ್ತೆಯಲ್ಲಿ ಕಾರು ನಿಲ್ಲುವ ಜಾಗ ಕಡಿಮೆ ಮಾಡಿ ಕಾಲುದಾರಿ ಅಗಲಿಸುತ್ತಾರೆ ಎಂಬ ಸುದ್ದಿ ಬಂದ ದಿನಗಳಲ್ಲಿ ಅವರಿಗೆ ನಿದ್ದೆ ಇರಲಿಲ್ಲ. "ಕಾರು ಬಾಗಿಲಿಗೆ ಬರದಿದ್ದರೆ ಗಿರಾಕಿ ಬರುತ್ತಾನೇನ್ರೀ? ಮದುವೆ ಜವಳಿ ಕೊಂಡವರು ಗಂಟು ಹೊತ್ತುಕೊಂಡು ಅರ್ಧ ಮೈಲಿ ನಡೀತಾರಾ?" ಎಂದು ಕೇಳಿದ್ದರು. ನನ್ನಲ್ಲಿ ಉತ್ತರ ಇರಲಿಲ್ಲ. ಬೇಸರದ ಸಂಗತಿ ಎಂದರೆ, ಉತ್ತರ ಕೊಡಬೇಕಾದವರೂ ಆಗ ಇರಲಿಲ್ಲ.

ಆ ರಸ್ತೆ ಹೊಸ ರೂಪದಲ್ಲಿ ತೆರೆದದ್ದು 2019ರ ನವೆಂಬರ್‌ನಲ್ಲಿ. ಚೆನ್ನೈ ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2016ರ ಅಕ್ಟೋಬರ್‌ನಲ್ಲಿ. ಮತ್ತೆ ಚುನಾವಣೆ ನಡೆದದ್ದು 2022ರ ಫೆಬ್ರವರಿಯಲ್ಲಿ. ಅಂದರೆ ಊರಿನ ಅತಿ ಜನನಿಬಿಡ ಬಜಾರೊಂದರ ಸ್ವರೂಪವೇ ಬದಲಾಗುವಾಗ ಆ ವಾರ್ಡಿಗೆ ಕೌನ್ಸಿಲರ್ ಇರಲಿಲ್ಲ. ವರ್ತಕರು ಮನವಿ ಹಿಡಿದು ಅಧಿಕಾರಿಗಳ ಬಾಗಿಲಿಗೆ ಹೋಗಬೇಕಿತ್ತು. ಇದು ಚೆನ್ನೈ ಒಂದರ ಕಥೆಯಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ, ಮುಂಬೈ ಮತ್ತು ಪುಣೆಯವರದು 2022ರ ಮಾರ್ಚ್‌ನಲ್ಲಿ ಮುಗಿದು, ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು ನಡೆಯಿತು.

ಕೌನ್ಸಿಲ್ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಪುಣೆಯ ಪಾಲಿಕೆ 2018ರಲ್ಲಿ ಪಾರ್ಕಿಂಗ್ ನೀತಿಯನ್ನು ಮಂಡಿಸಿದಾಗ ಕೂಗೆದ್ದಿತು. ಸದಸ್ಯರು ಅದನ್ನು ಕೆಲವೇ ರಸ್ತೆಗಳ ಪ್ರಯೋಗಕ್ಕೆ ಇಳಿಸಿ ಕೈತೊಳೆದುಕೊಂಡರು. ಮುಂಬೈ 2019ರ ಜುಲೈನಲ್ಲಿ ಇನ್ನೊಂದು ದಾರಿ ಹಿಡಿಯಿತು: ಪಾಲಿಕೆಯ ಪಾರ್ಕಿಂಗ್ ತಾಣಗಳ ಸುತ್ತ ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೆ 5,000 ರೂಪಾಯಿಯಿಂದ 23,000 ರೂಪಾಯಿವರೆಗೆ ದಂಡ. ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಹೆದರಿಸುವಿಕೆ. ಎರಡರಲ್ಲೂ ವ್ಯಾಪಾರಿಯ ಪ್ರಶ್ನೆಗೆ ಉತ್ತರವಿಲ್ಲ.

ನಿಜಕ್ಕೂ ಉತ್ತರ ಕೊಟ್ಟ ಒಂದು ಊರಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ. ಅಲ್ಲಿನ ಹಳೆಯ ಪೇಟೆ ಪಾಳು ಬಿದ್ದಿತ್ತು. ಬಿಟ್ಟಿ ಪಾರ್ಕಿಂಗ್ ಜಾಗದಲ್ಲಿ ಬೆಳಗ್ಗೆಯೇ ಅಂಗಡಿ ಸಿಬ್ಬಂದಿಯ ಕಾರುಗಳೇ ಬಂದು ಕೂರುತ್ತಿದ್ದವು, ಗಿರಾಕಿಗೆ ಜಾಗವಿರಲಿಲ್ಲ. ಮೀಟರು ಹಾಕುತ್ತೇವೆ ಎಂದು ನಗರಸಭೆ ಹೇಳಿದಾಗ ವರ್ತಕರು, ಇದ್ದಬದ್ದ ಗಿರಾಕಿಯೂ ಓಡಿಹೋಗುತ್ತಾನೆ ಎಂದು ಎದುರು ನಿಂತರು. ನಗರಸಭೆ ಅವರ ಮಾತು ತಳ್ಳಿಹಾಕಲಿಲ್ಲ, ಯೋಜನೆ ಕೈಬಿಡಲೂ ಇಲ್ಲ. ಮೀಟರಿನ ಹಣವನ್ನು ಅದೇ ಪೇಟೆಗೆ ಖರ್ಚು ಮಾಡುತ್ತೇವೆ ಎಂದು ಒಪ್ಪಂದಕ್ಕೆ ಬಂತು. 1993ರಲ್ಲಿ ಮೀಟರು ಬಂದವು. ಆ ಹಣದಲ್ಲಿ ಕಾಲುದಾರಿ ರಿಪೇರಿಯಾಯಿತು, ಮರ ನೆಟ್ಟರು, ದೀಪ ಹಾಕಿದರು, ಕಸ ಗುಡಿಸಿದರು. ಪೇಟೆ ಚೇತರಿಸಿಕೊಂಡಿತು. ಪಾರ್ಕಿಂಗ್ ವಿಷಯವನ್ನೇ ಜೀವಮಾನವಿಡೀ ಅಧ್ಯಯನ ಮಾಡಿದ ಡೊನಾಲ್ಡ್ ಶೂಪ್ ಈ ಪೇಟೆಯ ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಿದ್ದರು.

ನಮ್ಮ ಬಜಾರುಗಳು ಪ್ಯಾಸಡೀನಾ ಅಲ್ಲ, ಒಪ್ಪಿದೆ. ಆದರೆ ಲೆಕ್ಕ ಅದೇ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅದು ಹತ್ತಡಿ ಹತ್ತಡಿಯ ಅಂಗಡಿಗಿಂತ ದೊಡ್ಡದು. ಆ ಅಂಗಡಿಯವನು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾನೆ, ತೆರಿಗೆ ಕಟ್ಟುತ್ತಾನೆ. ಅವನ ಮುಂದೆ ನಿಂತ ಕಾರು ಅಷ್ಟೇ ಜಾಗವನ್ನು ಬಿಟ್ಟಿಯಾಗಿಯೋ ಚಿಲ್ಲರೆ ಕಾಸಿಗೋ ಹಿಡಿದಿರುತ್ತದೆ. ಪಕ್ಕದಲ್ಲಿ ಕೋಟಿಗಟ್ಟಲೆ ಸುರಿದು ಬಹುಮಹಡಿ ಪಾರ್ಕಿಂಗ್ ಕಟ್ಟಿದರೂ ಅದು ತುಂಬುವುದಿಲ್ಲವೇಕೆ ಎಂದು ಕೇಳುತ್ತೇವೆ. ರಸ್ತೆಯಲ್ಲಿ ಪುಕ್ಕಟೆ ಇರುವಾಗ ದುಡ್ಡು ಕೊಟ್ಟು ಮೂರನೇ ಮಹಡಿ ಹತ್ತುವವರು ಯಾರು?

ಇನ್ನು ಗಿರಾಕಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ಅಂಗಡಿಯವರನ್ನು ಕೇಳಿದರೆ, ಶೇ 41ರಷ್ಟು ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಎಂದು ಅಂದಾಜಿಸಿದರು. ಎಣಿಸಿ ನೋಡಿದರೆ ಶೇ 22. ಕಾರಿನವರ ಊರಲ್ಲೇ ಹೀಗಾದರೆ, ಬಸ್ಸು, ಲೋಕಲ್ ರೈಲು, ಆಟೋದಲ್ಲಿ ಜನ ಬಂದಿಳಿಯುವ ಟಿ. ನಗರ, ದಾದರ್, ಕರೋಲ್ ಬಾಗ್‌ಗಳಲ್ಲಿ ಹೇಗಿರಬಹುದು? ಕಾರಿನವನು ಹಾರ್ನ್ ಹೊಡೆದು ತನ್ನ ಇರವನ್ನು ಸಾರುತ್ತಾನೆ. ಬಸ್ಸಿನಿಂದ ಇಳಿದವಳು ಸುಮ್ಮನೆ ಒಳಗೆ ಬರುತ್ತಾಳೆ. ನೆನಪಲ್ಲಿ ಉಳಿಯುವವನು ಮೊದಲಿನವನು.

ಹಾಗೆಂದು ವ್ಯಾಪಾರಿಯ ಭಯವನ್ನು ನಗುವುದು ಸಲ್ಲ. ರಸ್ತೆ ಅಗೆದಿರುವ ತಿಂಗಳುಗಳಲ್ಲಿ ಕೈಗೆ ಬಾರದ ವ್ಯಾಪಾರ ಮರಳಿ ಬರುವುದಿಲ್ಲ. ಸರಕು ಇಳಿಸುವ ಟೆಂಪೋಗೆ ಜಾಗ ಬೇಕು. ಮಂಡಿನೋವಿನ ಅಜ್ಜಿಯನ್ನು ಬಾಗಿಲ ಬಳಿ ಇಳಿಸಬೇಕು. ಇವೆಲ್ಲ ನಿಜವಾದ ಬೇಡಿಕೆಗಳು, ಇವಕ್ಕೆ ಪರಿಹಾರವೂ ಇದೆ: ಸರಕಿಗೆ ಬೆಳಗಿನ ಹೊತ್ತು, ಇಳಿಸಿ ಹೋಗಲು ಗುರುತಿಸಿದ ತಾಣ, ಕಾಮಗಾರಿ ಮುಗಿಯುವವರೆಗೆ ತೆರಿಗೆಯಲ್ಲಿ ರಿಯಾಯಿತಿ. ಎದುರು ಕೂತು ಕೇಳುವವರು ಬೇಕು, ಅಷ್ಟೇ.

ಕೇಳುವಾಗ ಅಂಗಡಿಯವರನ್ನು ಮಾತ್ರ ಕೇಳಿದರೆ ಸಾಲದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಗಳಲ್ಲಿ ಕನಿಷ್ಠ ಶೇ 40 ಸ್ಥಾನಗಳನ್ನು ಅವರಿಗೇ ಕೊಟ್ಟಿದೆ. ಆದರೂ ರಸ್ತೆ ಚಂದ ಮಾಡುವಾಗ ಮೊದಲು ಎತ್ತಂಗಡಿಯಾಗುವುದು ಹೂವಿನ ಬುಟ್ಟಿ, ಕೊನೆಗೆ ಕದಲುವುದು ಕಾರು.

ನಮ್ಮ ಪರಿಚಯದ ವ್ಯಾಪಾರಿ ಅಂಗಡಿ ಮುಚ್ಚಲಿಲ್ಲ. ಸಂಜೆ ಕಾಲುದಾರಿಯ ಬೆಂಚಿನಲ್ಲಿ ಕೂತ ಸಂಸಾರಗಳು ಸೀರೆ ನೋಡಲು ಒಳಗೆ ಬರುತ್ತವೆ, ದೂರದ ಕೆಲವು ಹಳೆಯ ಗಿರಾಕಿಗಳು ಬರುವುದು ನಿಂತಿದೆ, ಎರಡೂ ನಿಜ ಎನ್ನುತ್ತಾರೆ. ಅವರಿಗೆ ಇನ್ನೂ ಉಳಿದಿರುವ ಸಿಟ್ಟು ಒಂದೇ: "ಒಂದು ಸಲ ಕರೆದು ಕೂರಿಸಿ ಕೇಳಬಹುದಿತ್ತು." ನಿಮ್ಮ ವಾರ್ಡಿನ ಕೌನ್ಸಿಲರ್ ಮುಂದಿನ ಸಲ ಮತ ಕೇಳಲು ಬಂದಾಗ ಪಾರ್ಕಿಂಗ್ ಕಟ್ಟಿಸುತ್ತೀರಾ ಎಂದು ಕೇಳಬೇಡಿ. ಅದರ ದುಡ್ಡು ನಮ್ಮ ಬೀದಿಗೆ ಎಷ್ಟು ಬರುತ್ತದೆ, ಲೆಕ್ಕ ಎಲ್ಲಿ ತೋರಿಸುತ್ತೀರಿ ಎಂದು ಕೇಳಿ.