ಪೆಟ್ಟಿಗೆ ಹೊಸದು, ಕೇಬಲ್ ಹಳೆಯದು

ವೈ-ಫೈ ತಂತ್ರಜ್ಞಾನದ ಏಳನೆಯ ಪೀಳಿಗೆಯ ಉಪಕರಣಗಳಿಗೆ 2024ರ ಜನವರಿಯಲ್ಲಿ ಪ್ರಮಾಣೀಕರಣ ಆರಂಭವಾಯಿತು. ಸೈದ್ಧಾಂತಿಕವಾಗಿ ಇದರ ವೇಗ ಸೆಕೆಂಡಿಗೆ 46 ಗಿಗಾಬಿಟ್. ಜಾಹೀರಾತು ನೋಡಿದ ಗುಬ್ಬಿ, ಕುಣಿಗಲ್‌ನ ಪರಿಚಿತರು ‘ಕೊಳ್ಳಬಹುದೇ?’ ಎಂದು ನನ್ನನ್ನು ಕೇಳುವುದುಂಟು. ಮನೆಗೆ ಬರುವ ಸಂಪರ್ಕದ ವೇಗವೆಷ್ಟು ಎಂಬುದು ನನ್ನ ಮರುಪ್ರಶ್ನೆ.

ವೈ-ಫೈ ಎಂದರೆ ಇಂಟರ್‌ನೆಟ್ ಅಲ್ಲ. ರೌಟರ್ ಮತ್ತು ಮೊಬೈಲ್ ನಡುವಿನ ಹತ್ತಿಪ್ಪತ್ತು ಅಡಿಗಳ ದಾರಿ ಮಾತ್ರ. ಮನೆಗೆ 100 ಮೆಗಾಬಿಟ್ ಸಂಪರ್ಕವಿದ್ದರೆ ವೈ-ಫೈ 5ರ ಹಳೆಯ ಪೆಟ್ಟಿಗೆಯೇ ಧಾರಾಳವಾಯಿತು. ಕೊಳವೆಬಾವಿಯಲ್ಲಿ ಒಂದಿಂಚು ನೀರಿರುವಾಗ ನಾಲ್ಕಿಂಚಿನ ಪೈಪು ಹಾಕಿಸಿದರೆ ಏನಾಗುತ್ತದೆಂದು ತುಮಕೂರು ಜಿಲ್ಲೆಯವರಿಗೆ ವಿವರಿಸಬೇಕಿಲ್ಲ.

ಹೊಸ ಪೀಳಿಗೆಯ ನಿಜವಾದ ಶಕ್ತಿಯಿರುವುದು 6 ಗಿಗಾಹರ್ಟ್ಸ್ ತರಂಗಾಂತರದಲ್ಲಿ. ಅಮೆರಿಕ 2020ರಲ್ಲೇ ಅಲ್ಲಿ 1,200 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ಭಾರತದಲ್ಲಿ ದೂರಸಂಪರ್ಕ ಇಲಾಖೆ ಕರಡು ನಿಯಮ ಹೊರಡಿಸಿದ್ದು 2025ರ ಮೇ ತಿಂಗಳಲ್ಲಿ, ಅದೂ ಕೇವಲ 500 ಮೆಗಾಹರ್ಟ್ಸ್‌ಗೆ. ವೈ-ಫೈ 7ರ 320 ಮೆಗಾಹರ್ಟ್ಸ್ ಅಗಲದ ವಾಹಿನಿ ಅಷ್ಟರಲ್ಲಿ ಒಂದೇ ಒಂದು ಹಿಡಿಸುತ್ತದೆ. ಮೇಲಾಗಿ, ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವ ಕಸುವು ಕಡಿಮೆ. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ನಡುಮನೆಯ ರೌಟರ್ ಹಿಂದಿನ ಕೋಣೆಯನ್ನು ತಲುಪುವುದೇ ಪ್ರಯಾಸ. ಅಲ್ಲಿಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಸುವುದು ಅಗ್ಗ, ಲೇಸು ಕೂಡ.

ಹಾಗೆಂದು ಹೊಸದೆಲ್ಲ ಆಡಂಬರವೆನ್ನಲಾರೆ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯ, ವಿದ್ಯಾರ್ಥಿನಿಲಯಗಳಲ್ಲಿ ನೂರಾರು ಮೊಬೈಲ್‌ಗಳು ಒಂದೇ ಗಳಿಗೆಯಲ್ಲಿ ಮುಗಿಬೀಳುತ್ತವೆ. ಒಂದು ವಾಹಿನಿಯನ್ನು ಹಲವರಿಗೆ ಏಕಕಾಲದಲ್ಲಿ ಹಂಚುವ ವಿದ್ಯೆಯನ್ನು ವೈ-ಫೈ 6 ತಂದಿತು. ಸಂಸ್ಥೆಗಳು ಅದಕ್ಕೆ ಹಣ ಹಾಕುವುದು ನ್ಯಾಯವೇ.

ನನ್ನ ತಕರಾರು ಸಾರ್ವಜನಿಕ ಹಣದ ಬಗ್ಗೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ನೀಡಿತ್ತು. ಅದೇ ಮುಂದೆ ‘ಭಾರತ್‌ನೆಟ್’ ಆಯಿತು. 2023ರ ಆಗಸ್ಟ್‌ನಲ್ಲಿ ಪರಿಷ್ಕೃತ ಯೋಜನೆಗೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಒಂದೆಡೆ ಕೇಬಲ್ ಕಡಿದರೂ ಇನ್ನೊಂದು ದಿಕ್ಕಿನಿಂದ ಸಂಪರ್ಕ ಉಳಿಯುವ ವರ್ತುಲ ಜೋಡಣೆ ಮತ್ತು ಹತ್ತು ವರ್ಷಗಳ ನಿರ್ವಹಣೆ ಅದರಲ್ಲಿ ಸೇರಿವೆ. ಬೇಕಾದದ್ದು ಇದೇ. ಇ-ಸ್ವತ್ತು ದಾಖಲೆಗಾಗಿ ಕೂಲಿ ಬಿಟ್ಟು ಪಂಚಾಯಿತಿಗೆ ಬಂದವರು ‘ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಹಿಂದಿರುಗಿದರೆ, ಕಚೇರಿಯ ಗೋಡೆಯ ಮೇಲೆ ಯಾವ ಪೀಳಿಗೆಯ ಪೆಟ್ಟಿಗೆ ಮಿನುಗಿದರೇನು? ರಸ್ತೆ ಅಗೆಯುವ ಗುತ್ತಿಗೆದಾರ ಕೇಬಲ್ ಕಡಿದರೆ ದುರಸ್ತಿಯ ವೆಚ್ಚ ಅವನಿಂದಲೇ ವಸೂಲಾಗಬೇಕು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಪ್ರತಿ ಪಂಚಾಯಿತಿಯಲ್ಲೂ ಸಂಪರ್ಕ ಎಷ್ಟು ಗಂಟೆ ಕಡಿದಿತ್ತು, ಎಷ್ಟು ಗಂಟೆಯಲ್ಲಿ ಸರಿಯಾಯಿತು ಎಂಬ ಲೆಕ್ಕ ತಿಂಗಳಿಗೊಮ್ಮೆ ಕಚೇರಿಯ ಸೂಚನಾ ಫಲಕಕ್ಕೆ ಬರಬೇಕು. ಹೊಸ ರೌಟರ್‌ಗಳ ಖರೀದಿ ಪ್ರಸ್ತಾವವನ್ನು ಆ ಲೆಕ್ಕ ನೋಡಿದ ಮೇಲೆ ಕೈಗೆತ್ತಿಕೊಳ್ಳಲಿ.